ಯಂತ್ರಕ್ಕೂ ಒಂದೇ ಭಾಷೆ ಸಾಲದು

ಹರಿಹರನು ಶಿವಶರಣರ ಚರಿತೆಗೆ ರಗಳೆಯನ್ನು ಆರಿಸಿಕೊಂಡನು. ಅವನ ಸೋದರಳಿಯ ರಾಘವಾಂಕನು ಹರಿಶ್ಚಂದ್ರನ ಕಥೆಗೆ ಷಟ್ಪದಿಯನ್ನು ಹಿಡಿದನು. ಹೇಳುವ ವಿಷಯಕ್ಕೆ ತಕ್ಕ ಕಟ್ಟು ಬೇಕೆಂಬ ಈ ವಿವೇಕ ಗಣಕಯಂತ್ರದ ಚರಿತ್ರೆಯಲ್ಲೂ ಕಾಣುವುದೆಂದರೆ ಕನ್ನಡ ಮೇಷ್ಟರಾದ ನನಗೆ ಸಂತೋಷವೇ.

ಮೊದಮೊದಲು ಯಂತ್ರಕ್ಕೆ ಅಪ್ಪಣೆ ಕೊಡಲು ಅಂಕೆಗಳ ಸಂಕೇತವೇ ಗತಿಯಾಗಿತ್ತು. 1957ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದರು. ಗಣಿತಜ್ಞನು ಕಾಗದದ ಮೇಲೆ ಬರೆಯುವ ಸೂತ್ರವನ್ನು ಹೆಚ್ಚುಕಡಿಮೆ ಹಾಗೆಯೇ ಯಂತ್ರಕ್ಕೆ ಒಪ್ಪಿಸುವುದು ಸಾಧ್ಯವಾಯಿತು. ವಿಜ್ಞಾನಿಗಳೂ ಎಂಜಿನಿಯರುಗಳೂ ಅದನ್ನು ಆದರದಿಂದ ಬರಮಾಡಿಕೊಂಡರು. ಹವಾಮಾನದ ದೊಡ್ಡ ಗಣನೆಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ.

ಆದರೆ ಬ್ಯಾಂಕಿನ ಗುಮಾಸ್ತನಿಗೆ ಸಮೀಕರಣವೇಕೆ? ಅವನಿಗೆ ಬೇಕಾದದ್ದು ಖಾತೆ, ಸಂಬಳದ ಪಟ್ಟಿ, ಕಾಸಿಗೆ ಕಾಸಿನ ಲೆಕ್ಕ. 1959ರ ಮೇ ತಿಂಗಳಲ್ಲಿ ಪೆಂಟಗನ್ನಿನಲ್ಲಿ ಸೇರಿದ ಸಭೆಯಿಂದ ಮೊದಲಾದ ಪ್ರಯತ್ನವೇ ಕೋಬಾಲ್. ಗ್ರೇಸ್ ಹಾಪರ್ ಅವರು ಹಿಂದೆ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಭಾಷೆ ಅದಕ್ಕೆ ಮುಖ್ಯ ಮಾದರಿಯಾಯಿತು. ಕೂಡು, ಕಳೆ, ಬರೆ ಎಂಬಂಥ ಇಂಗ್ಲಿಷ್ ಕ್ರಿಯಾಪದಗಳಲ್ಲೇ ಅದರ ವಾಕ್ಯರಚನೆ.

ಇಲ್ಲೊಂದು ಸೂಕ್ಷ್ಮವಿದೆ. ಮೂರನೆಯ ಒಂದು ಭಾಗವನ್ನು ದಶಾಂಶದಲ್ಲಿ ನಾವು 0.333 ಎಂದು ಬರೆಯುತ್ತಲೇ ಇರಬೇಕಲ್ಲವೆ? ಹಾಗೆಯೇ ಸೊನ್ನೆ-ಒಂದರ ಎಣಿಕೆಯಲ್ಲಿ ಹತ್ತನೆಯ ಒಂದು ಭಾಗವನ್ನು ಬರೆದು ಮುಗಿಸಲಾಗದು. ಸೇತುವೆಯ ಲೆಕ್ಕಕ್ಕೆ ಆ ಕೂದಲೆಳೆಯ ಅಂತರ ಬಾಧಕವಲ್ಲ. ಲಕ್ಷಾಂತರ ಖಾತೆಗಳ ಬಡ್ಡಿಗೆ ಬಾಧಕ. ಕೋಬಾಲ್ ದಶಾಂಶದಲ್ಲೇ ಲೆಕ್ಕವಿಡಬಲ್ಲುದು. ವಾಣಿಜ್ಯ ಅದನ್ನು ಬಿಡದಿರಲು ಇದೂ ಒಂದು ಕಾರಣ.

ಎರಡು ಭಾಷೆಗಳ ಕಾಟವೇಕೆಂದು 1964ರಲ್ಲಿ ಐಬಿಎಂ ಪಿಎಲ್/ಒನ್ ಎಂಬ ಸರ್ವೋಪಯೋಗಿ ಭಾಷೆಯನ್ನು ಮುಂದಿಟ್ಟಿತು. ಅದು ಬಳಕೆಗೇನೋ ಬಂದಿತು. ಆದರೆ ಮೊದಲಿನ ಎರಡರ ಸ್ಥಾನವನ್ನು ಕಸಿದುಕೊಳ್ಳಲಾಗಲಿಲ್ಲ.

ಭಾಷೆಯನ್ನು ಆರಿಸಿದ ಮಾತ್ರಕ್ಕೆ ಹೊಣೆ ತೀರದು. 2020ರ ಏಪ್ರಿಲಿನಲ್ಲಿ, ಕೊರೊನಾ ಹಾವಳಿಯಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ನ್ಯೂಜೆರ್ಸಿ ರಾಜ್ಯದಲ್ಲಿ ರಾಶಿಬಿದ್ದವು. ಅಲ್ಲಿನ ಹಳೆಯ ಗಣಕಗಳನ್ನು ನಿಭಾಯಿಸಲು ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಗವರ್ನರ್ ಫಿಲ್ ಮರ್ಫಿ ಬಹಿರಂಗವಾಗಿ ಕೇಳಿಕೊಂಡರು. ಪರಿಹಾರಧನಕ್ಕಾಗಿ ಕಾದು ಕುಳಿತವರ ಮನೆಯ ಒಲೆಗೂ ಆ ಭಾಷೆಗೂ ಇದ್ದ ನಂಟು ಆಗ ಎಲ್ಲರಿಗೂ ತಿಳಿಯಿತು.

ಹಳಗನ್ನಡ ಓದಬಲ್ಲವರಿಲ್ಲದಿದ್ದರೆ ಶಾಸನ ಬರಿಯ ಕಲ್ಲು. ತಕ್ಕ ಭಾಷೆಯನ್ನು ಆರಿಸುವುದು ಜಾಣತನ. ಅದನ್ನು ಬಲ್ಲವರ ಸಂತತಿ ಅಳಿಯದಂತೆ ಕಾಯುವುದು ಅದಕ್ಕಿಂತ ದೊಡ್ಡ ಜಾಣತನ.