ತೊಗಲುಗೊಂಬೆಗೆ ಹಾಕಿದ ಹೊಲಿಗೆ

ನಾನು ಬಳ್ಳಾರಿ ಸೀಮೆಯ ಹಳ್ಳಿಯೊಂದರಲ್ಲಿ ಚರಿತ್ರೆಯ ಅಧ್ಯಾಪಕನಾಗಿದ್ದಾಗ, ತೊಗಲುಗೊಂಬೆ ಮೇಳವೊಂದು ನಮ್ಮ ಶಾಲೆಯ ಕಟ್ಟೆಯ ಮೇಲೆ ಬೀಡುಬಿಟ್ಟಿತ್ತು. ಮಧ್ಯಾಹ್ನ ಮೇಳದ ಅಜ್ಜಿಯೊಬ್ಬರು ರಾವಣನ ಹರಿದ ತೋಳನ್ನು ಹೊಲಿಯುತ್ತಿದ್ದರು. ಹೊಸದನ್ನೇ ಮಾಡಬಾರದೇ ಎಂದು ಕೇಳಿದೆ. "ಮಗನ ಕೈ ಮುರುದ್ರ ಹೊಸಾ ಮಗನ್ನ ತರ್ತೀರೇನ್ರಿ ಮಾಸ್ತರ?" ಎಂದರು. ನಾನು ನಿರುತ್ತರನಾದೆ.

ರಾಮಾಯಣ, ಮಹಾಭಾರತಗಳನ್ನು ಊರೂರಿಗೆ ಕೊಂಡೊಯ್ದ ಈ ಕಲೆ ಕಿಳ್ಳೇಕ್ಯಾತರ ಮನೆತನದ ಸ್ವತ್ತು. ಮಳೆ ಬಾರದಿದ್ದಾಗ ಆಟವಾಡಿಸುವ ನಂಬಿಕೆಯೂ ನಮ್ಮಲ್ಲಿತ್ತು. ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣವಿಟ್ಟು, ರಂಧ್ರ ಕೊರೆದು, ಬಿದಿರಿನ ಸೀಳನ್ನು ಆಧಾರವಾಗಿ ಕಟ್ಟುತ್ತಾರೆ. ಆದುದರಿಂದ ತೇಪೆ ದಪ್ಪವಾದರೆ ಪರದೆಯ ಮೇಲೆ ಕಪ್ಪು ಕಲೆಯಾಗಿ ಕಾಣುತ್ತದೆ. ಅಜ್ಜಿ ತೇಪೆಯನ್ನೂ ತೆಳುವಾಗಿ ಹೆರೆದು, ಹೊಲಿಗೆಯನ್ನು ಭುಜಕೀರ್ತಿಯ ಅಂಚಿನಲ್ಲಿ ಮರೆಮಾಡಿದ್ದರು. ರಾತ್ರಿ ದೀಪದ ಮುಂದೆ ಗಾಯದ ಗುರುತೇ ಕಾಣಲಿಲ್ಲ.

ಇನ್ನು ಆಡಿಸಲಾಗದೆಂದು ಕಂಡ ಗೊಂಬೆಯನ್ನು ಹೊಳೆಗೆ ಬಿಡುವ ರೂಢಿಯೂ ಇತ್ತು. ಬಹಳ ಹಳೆಯ ಗೊಂಬೆಗಳು ವಿರಳವಾಗಲು ಇದೂ ಒಂದು ಕಾರಣ. ಎಂ. ಎಸ್. ನಂಜುಂಡರಾಯರ ಆಸ್ಥೆಯಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅನೇಕ ಗೊಂಬೆಗಳು ಉಳಿದುಕೊಂಡವು. ಅದು ದೊಡ್ಡ ಉಪಕಾರವೇ. ಆದರೆ ಗೊಂಬೆ ಉಳಿದ ಮಾತ್ರಕ್ಕೆ ಆಟ ಉಳಿಯುವುದಿಲ್ಲ.

ಈ ಮಾತನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಮೇಳ ಹೊರಟಾಗ ಆಸೆಪಟ್ಟು ಒಂದು ಹನುಮಂತನನ್ನು ಕೊಂಡೆ. ಅವರಿಗೂ ಹಣದ ಅಡಚಣೆಯಿತ್ತು. ಅದನ್ನು ಗೋಡೆಗೆ ತೂಗುಹಾಕಿದೆ. ಹತ್ತು ವರ್ಷಗಳಲ್ಲಿ ಬಿಸಿಲಿಗೆ ಬಣ್ಣ ಮಾಸಿತು, ಮಳೆಗಾಲದ ತೇವಕ್ಕೆ ತೊಗಲು ಮುರುಟಿತು. ಅವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಜೀವಿಸಿದ್ದ ಹನುಮಂತ ನನ್ನ ಮನೆಯಲ್ಲಿ ಸತ್ತ. ಕೊಂಡವನು ನಾನು, ನೋಡಿಕೊಳ್ಳುವ ಕೈಗಳು ಮೇಳದೊಂದಿಗೆ ಹೋಗಿದ್ದವು.

ಆಟವೂ ಹೀಗೆಯೇ ಹರಿಯುತ್ತದೆ, ಹೊಲಿಸಿಕೊಳ್ಳುತ್ತದೆ. ಅಜ್ಜಿ ಪದ ಮರೆತೆಡೆ ಮೊಮ್ಮಗ ಎತ್ತಿಕೊಡುತ್ತಿದ್ದ. ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನೇ ತೊಗಲಿಗೆ ತಂದರು. 2023ರಲ್ಲಿ ಅವರು ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನಗೆ ಆ ಕಟ್ಟೆಯ ಅಜ್ಜಿಯ ನೆನಪಾಯಿತು.

ಪ್ರಶಸ್ತಿ ಬರಲಿ, ಸಂಗ್ರಹಾಲಯಗಳೂ ಬೆಳೆಯಲಿ. ಅದರೊಡನೆ ನಮ್ಮ ಊರಿನ ಶಾಲೆಗಳು ವರ್ಷಕ್ಕೊಮ್ಮೆ ಮೇಳವನ್ನು ಕರೆಸಿ ಆಡಿಸಲಿ. ಆಟವಿದ್ದರೆ ಹರಿದ ಗೊಂಬೆಗೆ ಸೂಜಿ ಹಿಡಿಯುವವರೂ ಇರುತ್ತಾರೆ.