ಪೆಡ್ಡರ್ ರೋಡಿನ ಕಾರ್ಟೂನುಗಳು

1912ರಲ್ಲಿ ದಾದಾಸಾಹೇಬ ಫಾಲ್ಕೆ ದಾದರಿನಲ್ಲಿ ಒಂದು ಕುಂಡಕ್ಕೆ ಬಟಾಣಿ ಕಾಳು ಹಾಕಿ ಅದರೆದುರು ಕ್ಯಾಮೆರಾ ಇಟ್ಟರು. ದಿನವೂ ಇಷ್ಟಿಷ್ಟೇ ಫ್ರೇಮು ತೆಗೆಯುತ್ತ ಹೋದರು. ಕೊನೆಗೆ ಅದನ್ನೆಲ್ಲ ಒಟ್ಟಿಗೆ ಓಡಿಸಿದಾಗ ಕಾಳು ಮೊಳೆತು, ಎಲೆ ಬಿಟ್ಟು, ಗಿಡವಾಗಿ ಎದ್ದು ನಿಂತಿತು. ಇದನ್ನು ಅವರು ತೋರಿಸಿದ್ದು ಸಿನಿಮಾಕ್ಕೆ ಸಾಲ ಕೊಡಬಹುದಾದ ದೊಡ್ಡ ಮನುಷ್ಯರಿಗೆ. ಹಣ ಹುಟ್ಟಿತು, ಮರುವರ್ಷ 'ರಾಜಾ ಹರಿಶ್ಚಂದ್ರ' ತೆರೆಕಂಡಿತು. 1915ರಲ್ಲಿ ಫಾಲ್ಕೆ ಬೆಂಕಿಕಡ್ಡಿಗಳನ್ನು ಚೂರುಚೂರೇ ಸರಿಸಿ ಚಿತ್ರ ತೆಗೆದು 'ಆಗಕಾಡ್ಯಾಂಚಿ ಮೌಜ್' ಮಾಡಿದರು. ಒಂದೊಂದೇ ಫ್ರೇಮು ಕೂಡಿಸಿ ಚಲನೆ ಹುಟ್ಟಿಸುವ ವಿದ್ಯೆ ಮುಂಬಯಿಯಲ್ಲಿ ಮೊದಲು ಬೆರಗುಗೊಳಿಸಿದ್ದು ಮೀಸೆ ಹೊತ್ತವರನ್ನು.

ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಅನಿಮೇಷನ್ ಎಂದರೆ ಮಕ್ಕಳ ಬಾಯಿಗೆ ತುತ್ತು ಹೋಗಲೆಂದು ಮೊಬೈಲಿನಲ್ಲಿ ಹಚ್ಚಿಕೊಡುವ ವಸ್ತು ಎಂಬ ತಿಳಿವಳಿಕೆ ಈಗ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಮಗು ಒಂದು ಮೂಲೆಯಲ್ಲಿ ಅದನ್ನು ನೋಡುತ್ತದೆ, ತಂದೆತಾಯಿ ಇನ್ನೊಂದು ಮೂಲೆಯಲ್ಲಿ ತಮ್ಮದನ್ನು ನೋಡುತ್ತಾರೆ. ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಆಯುಷ್ಯದ ಬಹುಪಾಲು ಪಾಠ ಮಾಡಿದ ನನಗೆ ಇದನ್ನು ಕಂಡರೆ ಸಂಕಟವಾಗುತ್ತದೆ. ಚಿಕ್ಕವರೂ ದೊಡ್ಡವರೂ ಒಂದೇ ಬೆಂಚಿನಲ್ಲಿ ಕೂತು ಕಾರ್ಟೂನು ನೋಡಿ, ಆಮೇಲೆ ಅದರ ಬಗ್ಗೆ ಜಗಳವಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕಾರ್ಟೂನುಗಳು ಬಂದದ್ದು ಫಿಲ್ಮ್ಸ್ ಡಿವಿಷನ್ನಿನಿಂದ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೇಂದ್ರ ಸರ್ಕಾರ ಮುಂಬಯಿಯಲ್ಲಿ ಕಟ್ಟಿದ ಸಂಸ್ಥೆ ಅದು. ಪೆಡ್ಡರ್ ರೋಡಿನ ಗುಲ್ಶನ್ ಮಹಲಿನ ಆವರಣ ಅದರ ನೆಲೆಯಾಯಿತು. 1956ರ ಹೊತ್ತಿಗೆ ಅಲ್ಲಿ ಕಾರ್ಟೂನ್ ವಿಭಾಗ ಶುರುವಾಯಿತು. ಕಲಿಸಲು ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಲ್ಲಿ ಬಂದವರು ಕ್ಲೇರ್ ವೀಕ್ಸ್. ಡಿಸ್ನಿ ಸ್ಟುಡಿಯೋದಲ್ಲಿ 'ಬ್ಯಾಂಬಿ'ಯಂಥ ಚಿತ್ರಗಳಿಗೆ ಕೆಲಸ ಮಾಡಿದ್ದ ಈ ಕಲಾವಿದ ಹುಟ್ಟಿದ್ದು ಭಾರತದಲ್ಲೇ, ಮಿಷನರಿ ದಂಪತಿಗಳ ಮಗನಾಗಿ. ಅವರ ಕೈಕೆಳಗೆ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿದ್ದ ಯುವಕ ಮುಂದೆ ಭಾರತದ ಅನಿಮೇಷನ್ನಿನ ಪಿತಾಮಹ ಅನ್ನಿಸಿಕೊಂಡರು.

ವೀಕ್ಸರ ಮಾರ್ಗದರ್ಶನದಲ್ಲಿ ಮುಂಬಯಿಯ ಹುಡುಗರು 1957ರಲ್ಲಿ ಮಾಡಿದ ಚಿತ್ರ 'ದಿ ಬನ್ಯನ್ ಡೀರ್'. ಬುದ್ಧನ ಜಾತಕ ಕಥೆಯನ್ನು ಅಜಂತಾ ಗೋಡೆಚಿತ್ರಗಳ ಛಾಯೆಯಲ್ಲಿ ಬರೆದರು. ಇದಕ್ಕೆ ಬಿದ್ದ ಬೆವರನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ, ಹತ್ತು ನಿಮಿಷಕ್ಕೆ 7,200. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು, ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಶಾಯಿಯಲ್ಲಿ ತಿದ್ದಬೇಕು, ಹಾಳೆಯನ್ನು ಮಗುಚಿ ಹಿಂಬದಿಯಿಂದ ಬಣ್ಣ ತುಂಬಬೇಕು. ಆಮೇಲೆ ಒಂದೊಂದನ್ನೇ ಹಿನ್ನೆಲೆಯ ಚಿತ್ರದ ಮೇಲಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ಹಿಡಿಯಬೇಕು. ಒಂದು ಜಿಂಕೆ ಕಿವಿ ಆಡಿಸುವುದಕ್ಕೆ ಒಬ್ಬ ಮನುಷ್ಯನ ಅರ್ಧ ದಿನ.

ಆ ಕಾಲದಲ್ಲಿ ಯಾವ ಥಿಯೇಟರಿಗೆ ಹೋದರೂ ಮುಖ್ಯ ಚಿತ್ರಕ್ಕೆ ಮುಂಚೆ ಫಿಲ್ಮ್ಸ್ ಡಿವಿಷನ್ನಿನ ಒಂದು ರೀಲು ತೋರಿಸಲೇಬೇಕಿತ್ತು. ಅಣೆಕಟ್ಟು, ಮಂತ್ರಿಗಳ ಉದ್ಘಾಟನೆ, ನೆರೆ ಪರಿಹಾರ. ಜನ ಬೇಕೆಂದೇ ತಡವಾಗಿ ಬರುತ್ತಿದ್ದರು, ಕೆಲವರು ಹೊರಗೆ ನಿಂತು ಬೀಡಿ ಎಳೆಯುತ್ತಿದ್ದರು. ಆದರೆ ಪರದೆಯ ಮೇಲೆ ಕಾರ್ಟೂನು ಬಂತೆಂದರೆ ಹೊರಗಿದ್ದವರೂ ಒಳಗೆ ಬರುತ್ತಿದ್ದರು. ಮಾಟುಂಗದ ಅರೋರಾದಲ್ಲಿ ದಕ್ಷಿಣದ ಚಿತ್ರ ನೋಡಲು ಹೋದಾಗಲೆಲ್ಲ ನಾನು ಇದನ್ನು ಗಮನಿಸಿದ್ದೇನೆ. ಕುಟುಂಬ ಯೋಜನೆಯಂತಹ, ಹೆಂಡತಿ ಮಕ್ಕಳ ಮುಂದೆ ಬಾಯಿಬಿಡಲು ನಾಚುವ ವಿಷಯವನ್ನೂ ಗೀಟಿನ ಮನುಷ್ಯರು ಹೇಳಿದಾಗ ಸಭೆ ಕೇಳಿಸಿಕೊಂಡಿತು. ಕ್ಯಾಮೆರಾ ಹೊಗಲಾರದ ಜಾಗಕ್ಕೆ, ಸೊಳ್ಳೆಯ ಹೊಟ್ಟೆಯೊಳಕ್ಕೆ, ಮನುಷ್ಯನ ರಕ್ತದೊಳಕ್ಕೆ, ಕುಂಚ ಹೋಗಿ ಬಂತು. ಅಕ್ಷರ ಬಾರದವನಿಗೂ ಅದು ಅರ್ಥವಾಯಿತು.

ನಮ್ಮ ರಾತ್ರಿ ಶಾಲೆಯ ವಿದ್ಯಾರ್ಥಿಗಳು ಉಡುಪಿ ಹೋಟೆಲುಗಳಲ್ಲಿ ದುಡಿಯುವವರು. ಕಪ್ಪು ಬಶಿ ತೊಳೆಯುವ ಹುಡುಗರು, ಮಾಣಿಗಳು, ಕೆಲವೊಮ್ಮೆ ಐವತ್ತು ದಾಟಿದ ಅಡಿಗೆ ಭಟ್ಟರೂ. ಹೆಚ್ಚಿನವರ ಕಣ್ಣಲ್ಲಿ ನಿದ್ದೆ. 16 ಎಂ.ಎಂ. ಪ್ರೊಜೆಕ್ಟರ್ ಹೊಂದಿಸಿ 'ಬನ್ಯನ್ ಡೀರ್' ತೋರಿಸಿದ ರಾತ್ರಿ ಒಬ್ಬನೂ ತೂಕಡಿಸಲಿಲ್ಲ. ಜಾತಕದ ಕಥೆ ಇಷ್ಟು: ಕಾಶಿಯ ರಾಜನಿಗೆ ದಿನವೂ ಒಂದು ಜಿಂಕೆ ಬಲಿ ಹೋಗಬೇಕು. ಒಂದು ದಿನ ಗಬ್ಬದ ಜಿಂಕೆಯ ಸರದಿ ಬರುತ್ತದೆ. ಅದರ ಬದಲಿಗೆ ಜಿಂಕೆಗಳ ಒಡೆಯನೇ ಹೋಗಿ ಕೊರಳು ಒಡ್ಡುತ್ತಾನೆ. ಚಿತ್ರ ಮುಗಿದ ಕೂಡಲೇ ಒಬ್ಬ ಹುಡುಗ ಎದ್ದು ನಿಂತ. "ಮಾಸ್ಟ್ರೇ, ಅವನು ರಾಜ ಅಲ್ವಾ? ಬೇರೆ ಯಾರನ್ನಾದರೂ ಕಳಿಸಬಹುದಿತ್ತಲ್ಲ?" ಹಿಂದಿನ ಬೆಂಚಿನಿಂದ ಭಟ್ಟರು ಉತ್ತರ ಕೊಟ್ಟರು: "ಬೇರೆಯವರನ್ನು ಕಳಿಸುವುದಕ್ಕೆ ರಾಜನೇ ಬೇಕಾ ಮಾರಾಯ? ನಮ್ಮ ಧಣಿಗಳು ದಿನಾ ಕಳಿಸ್ತಾರೆ." ಆ ರಾತ್ರಿ ವ್ಯಾಕರಣ ಪಾಠ ನಡೆಯಲಿಲ್ಲ. ಸಾವಿನ ಬಗ್ಗೆ, ಒಡೆತನದ ಬಗ್ಗೆ, ಊರಲ್ಲಿ ಬಸುರಿ ಅಕ್ಕನನ್ನು ಬಿಟ್ಟು ಬಂದ ಒಬ್ಬನ ಚಿಂತೆಯ ಬಗ್ಗೆ ಮಾತು ಹರಿಯಿತು. ಹನ್ನೆರಡರ ಹುಡುಗನೂ ಐವತ್ತೈದರ ಭಟ್ಟರೂ ಸಮಸಮ ಕೂತು ಮಾತಾಡುವಂತೆ ಮಾಡಿದ ಪಠ್ಯಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ.

ನಮ್ಮವರಿಗೆ ಇದು ಹೊಸದಾಗಬೇಕಿರಲಿಲ್ಲ. ತೊಗಲುಗೊಂಬೆಗೂ ಯಕ್ಷಗಾನಕ್ಕೂ ಮಕ್ಕಳ ಆಟ, ದೊಡ್ಡವರ ಆಟ ಎಂಬ ವಿಂಗಡಣೆ ಎಲ್ಲಿತ್ತು? ಚಾಪೆಯ ಮೇಲೆ ಇಡೀ ಮನೆ ಕೂರುತ್ತಿತ್ತು, ಹನುಮಂತನ ಬಾಲವನ್ನು ಮಗುವೂ ಅವನ ಮಾತನ್ನು ಅಜ್ಜನೂ ಹಿಡಿದುಕೊಳ್ಳುತ್ತಿದ್ದರು.

1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಶುರುವಾಯಿತು. 1974ರಲ್ಲಿ ವಿಜಯಾ ಮುಳೆ ನಿರ್ದೇಶಿಸಿ ಭೀಮ್‌ಸೇನ್ ಅನಿಮೇಷನ್ ಮಾಡಿದ 'ಏಕ್ ಅನೇಕ್ ಔರ್ ಏಕತಾ' ಬಂತು. ಮುಂದೆ ಅದು ದೂರದರ್ಶನದಲ್ಲಿ ಮನೆಮನೆ ತಲುಪಿತು. ಅಕ್ಕನನ್ನು ತಮ್ಮ ಕೇಳುವ ಪ್ರಶ್ನೆ, ಬಲೆಯನ್ನೇ ಎತ್ತಿಕೊಂಡು ಹಾರುವ ಹಕ್ಕಿಗಳು. ಪಂಚತಂತ್ರ ಗೊತ್ತಿದ್ದ ಅಜ್ಜಿಯರಿಗೆ ಆ ಹಕ್ಕಿಗಳು ಹಳೆಯ ಪರಿಚಯ. ಕನ್ನಡ, ಮರಾಠಿ, ಗುಜರಾತಿ ಮಕ್ಕಳು ಒಂದೇ ಜಿನೆ ಹತ್ತಿಳಿಯುವ ಚಾಳುಗಳಲ್ಲಿ ಅದರ ಹಾಡು ಎಲ್ಲರ ಬಾಯಲ್ಲೂ ಇತ್ತು.

ರಾಮ್ ಮೋಹನ್ ಅಷ್ಟರಲ್ಲಿ ಸರ್ಕಾರಿ ಕೆಲಸ ಬಿಟ್ಟು ತಮ್ಮದೇ ಸ್ಟುಡಿಯೋ ಕಟ್ಟಿದ್ದರು. ಮೃಣಾಲ್ ಸೇನರ 'ಭುವನ್ ಶೋಮ್'ಗೆ, ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ'ಗೆ ಅನಿಮೇಷನ್ ಮಾಡಿದವರು ಅವರೇ. ಅವರ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಯುನಿಸೆಫ್‌ಗಾಗಿ 90ರ ದಶಕದಲ್ಲಿ ರೂಪಿಸಿದ 'ಮೀನಾ'. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ ಎಲ್ಲ ಕಡೆಯ ಮನೆಯವರೂ ನಮ್ಮ ಹುಡುಗಿ ಅನ್ನಬೇಕು, ಹಾಗೆ ಅವಳ ಉಡುಗೆ, ಮುಖ ಬರೆದರು. ಶಾಲೆಗೆ ಕಳಿಸದ ಮೀನಾ ತನ್ನ ಗಿಣಿ ಮಿಠ್ಠುವನ್ನು ಶಾಲೆಯ ಕಿಟಕಿಗೆ ಕಳಿಸಿ ಲೆಕ್ಕ ಕಲಿಯುತ್ತಾಳೆ, ಕೋಳಿ ಎಣಿಸಿ ಕಳ್ಳತನ ಪತ್ತೆ ಮಾಡುತ್ತಾಳೆ. ಇನ್ನೊಂದು ಕಥೆಯಲ್ಲಿ ತಮ್ಮನಿಗೆ ದೊಡ್ಡ ಪಾಲು, ಅವಳಿಗೆ ಚಿಕ್ಕ ಪಾಲು. ಹುಡುಗಿಯರು ಇದನ್ನು ನೋಡಿ ನಕ್ಕರು. ಆದರೆ ಅದು ಮುಟ್ಟಬೇಕಾದದ್ದು ಬಡಿಸುವ ಕೈಗೆ, ಫೀಸು ಕಟ್ಟುವ ಕೈಗೆ. ಅಪ್ಪ ಅಮ್ಮ ಪಕ್ಕದಲ್ಲಿ ಕೂರದಿದ್ದರೆ ಆ ಚಿತ್ರದ ಅರ್ಧ ಪ್ರಯೋಜನ ಹೋಯಿತು.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂತು. ಹಗಲಿಡೀ ಕಾರ್ಟೂನು ಸಿಕ್ಕಿತು, ಜೊತೆಗೆ ಕೂರುವ ಅಭ್ಯಾಸ ತಪ್ಪಿತು. ಆದರೂ ಈ ನಗರದಲ್ಲಿ ದೊಡ್ಡವರಿಗಾಗಿ ಬರೆಯುವ ಕೈ ನಿಂತಿಲ್ಲ. ಜೆ.ಜೆ. ಸ್ಕೂಲಿನಲ್ಲಿ ಕಲಿತ ಗೀತಾಂಜಲಿ ರಾವ್ ಅವರ 'ಪ್ರಿಂಟೆಡ್ ರೈನ್‌ಬೋ' 2006ರಲ್ಲಿ ಕಾನ್‌ನ ಕ್ರಿಟಿಕ್ಸ್ ವೀಕ್‌ನಲ್ಲಿ ಪ್ರಶಸ್ತಿ ಪಡೆಯಿತು. ಒಂಟಿ ಮುದುಕಿ, ಅವಳ ಬೆಕ್ಕು, ಬೆಂಕಿಪೊಟ್ಟಣದ ಚಿತ್ರಗಳೊಳಗೆ ಅವಳು ಹೊಗುವ ಲೋಕ. ಒಂದೂ ಮಾತಿಲ್ಲದೆ ಮುಪ್ಪನ್ನು ಇಷ್ಟು ಮರ್ಯಾದೆಯಿಂದ ತೋರಿಸಿದ ಚಿತ್ರ ಅಪರೂಪ. ಮಕ್ಕಳೆಲ್ಲ ದೂರ ಹೋದ ಮನೆಯ ಹಿರಿಯರು ನೋಡಲಿ, ಅದಕ್ಕಿಂತ ಮೊದಲು ಅವರ ಮಕ್ಕಳು ನೋಡಲಿ. ಹೂ ಮಾರುವ ಹುಡುಗಿಯ ಕಥೆಯಾದ ಅವರ 'ಬಾಂಬೆ ರೋಸ್' 2019ರಲ್ಲಿ ವೆನಿಸ್‌ಗೆ ಹೋಯಿತು.

ಜನ ಮರಳುತ್ತಿರುವ ಲಕ್ಷಣವೂ ಇದೆ. ರಾಮ್ ಮೋಹನ್ ಜಪಾನಿನ ಯುಗೋ ಸಾಕೋ ಜೊತೆ ಸೇರಿ 1992ರಲ್ಲಿ ಮುಗಿಸಿದ ರಾಮಾಯಣ 2025ರ ಜನವರಿಯಲ್ಲಿ ಮತ್ತೆ ಥಿಯೇಟರಿಗೆ ಬಂತು. ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ್ ನರಸಿಂಹ' ಕನ್ನಡದಲ್ಲೂ ಬಿಡುಗಡೆಯಾಯಿತು, ಮೂರು ತಲೆಮಾರು ಒಟ್ಟಿಗೆ ಟಿಕೆಟು ಕೊಂಡಿತು. ಪ್ರಹ್ಲಾದನ ಕಥೆಯಲ್ಲಿ ಮಗು ಧೈರ್ಯ ಕಾಣುತ್ತದೆ, ಅಪ್ಪನಾದವನು ಹಿರಣ್ಯಕಶಿಪುವಿನ ಹಟದಲ್ಲಿ ತನ್ನ ಹಟವನ್ನೂ ಕಾಣಬಹುದು.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಸೇರಿಹೋಯಿತು. ರಾಮ್ ಮೋಹನ್ 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಗುಲ್ಶನ್ ಮಹಲಿನ ಆವರಣದಲ್ಲಿ ಈಗ ಭಾರತೀಯ ಸಿನಿಮಾದ ರಾಷ್ಟ್ರೀಯ ಸಂಗ್ರಹಾಲಯವಿದೆ. ಫಿಲ್ಮ್ಸ್ ಡಿವಿಷನ್ ತನ್ನ ಚಿತ್ರಗಳನ್ನು ಅನೇಕ ಭಾಷೆಗಳಲ್ಲಿ, ಕನ್ನಡದಲ್ಲೂ, ಹೊರತರುತ್ತಿತ್ತು. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಮುಂತಾದ ನಮ್ಮ ಸಂಸ್ಥೆಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಎನ್‌ಎಫ್‌ಡಿಸಿಯನ್ನು ಕೇಳಿ ಆ ಹಳೆಯ ಕಾರ್ಟೂನುಗಳ ಕನ್ನಡ ಪ್ರತಿಗಳನ್ನು ತರಿಸಿ, ಒಂದು ಭಾನುವಾರ ತೋರಿಸಿ. ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಹೋಗಲು ಯಾರಿಗೂ ಅವಕಾಶ ಕೊಡಬೇಡಿ. ದೊಡ್ಡವರೂ ಒಳಗೆ ಬಂದು ಕೂರಲಿ.