ಮರದ ಕೂರಿಗೆ: ತಯಾರಿಕೆ ಮತ್ತು ದುರಸ್ತಿ

ವಿಜಯಪುರ ನಗರದ ಸುತ್ತಲಿನ ತಿಕೋಟಾ, ಬಬಲೇಶ್ವರ ಭಾಗದ ಎರೆಭೂಮಿಯಲ್ಲಿ ಬಿಳಿಜೋಳವು ಪ್ರಮುಖ ಹಿಂಗಾರಿ ಬೆಳೆಗಳಲ್ಲೊಂದು. ಅದನ್ನು ಬಿತ್ತಲು ಎತ್ತುಗಳು ಎಳೆಯುವ ಮರದ ಸಾಧನವೇ ಕೂರಿಗೆ. ದಿಂಡು, ಅದಕ್ಕೆ ನಾಟಿದ ತಾಳುಗಳು, ನೊಗಕ್ಕೆ ಜೋಡಿಸುವ ಈಸು, ಬೀಜದ ಬಟ್ಟಲು, ಅಲ್ಲಿಂದ ತಾಳಿಗೆ ಬೀಜ ಇಳಿಸುವ ಬಿದಿರಿನ ಕೊಳವೆಗಳು ಇದರ ಅಂಗಗಳು. ಗಟ್ಟಿಯಾದ ಜಾಲಿ ಮರ ಇದಕ್ಕೆ ಒಪ್ಪುತ್ತದೆ.

ರೈತನ ಬೆಳೆಗೂ ಎತ್ತುಗಳ ಎತ್ತರಕ್ಕೂ ಹೊಂದುವಂತೆ ಬಡಿಗನು ಕೂರಿಗೆಯನ್ನು ರೂಪಿಸುತ್ತಾನೆ. ತಾಳುಗಳ ಅಂತರವೇ ಸಾಲುಗಳ ಅಂತರ. ಹಿಂಗಾರಿ ಜೋಳಕ್ಕೆ ಸುಮಾರು 45 ಸೆಂ.ಮೀ. ತಾಳಿನ ಬಾಗು ಬಿತ್ತನೆಯ ಆಳದ ಮೇಲೆ ಪರಿಣಾಮ ಬೀರುತ್ತದೆ. ಮೇಲ್ಮಣ್ಣು ಬೇಗ ಒಣಗುವುದರಿಂದ ಬೀಜವು ಸುಮಾರು 5 ಸೆಂ.ಮೀ. ಕೆಳಗಿನ ಹಸಿಯನ್ನು ಮುಟ್ಟಬೇಕು. ಇಲ್ಲವಾದರೆ ಮೊಳಕೆ ಸರಿಯಾಗಿ ಬಾರದು.

ಸೆಪ್ಟೆಂಬರ್-ಅಕ್ಟೋಬರ್ ಬಿತ್ತನೆಗೆ ಮುನ್ನ ಸಡಿಲಗೊಂಡ ತಾಳಿಗೆ ಬೆಣೆ ಬಡಿದು, ಸವೆದುದನ್ನು ಬದಲಿಸಿ, ಬಟ್ಟಲಿನ ರಂಧ್ರಗಳನ್ನು ಸರಿಪಡಿಸಬೇಕು. ಒಂದು ರಂಧ್ರ ಕಟ್ಟಿದರೂ ಒಂದು ಸಾಲು ಬರಿದಾಗುತ್ತದೆ. ಹಿಂದೆ ಈ ಕೆಲಸಕ್ಕೆ ಸುಗ್ಗಿಯಲ್ಲಿ ‘ಆಯ’ವಾಗಿ ಕಾಳು ಸಲ್ಲುತ್ತಿತ್ತು.

ಟ್ರ್ಯಾಕ್ಟರ್ ಎಳೆಯುವ ಕಬ್ಬಿಣದ ಕೂರಿಗೆಗಳು ಬಂದ ಮೇಲೆ ಮರದ ಕೂರಿಗೆಗೆ ಬೇಡಿಕೆ ಕುಗ್ಗಿದೆ. ಇದರ ಅಳತೆಗಳು ಬಹುಮಟ್ಟಿಗೆ ಬಡಿಗರ ಕೈರೂಢಿಯಲ್ಲಿಯೇ ಉಳಿದಿವೆ. ಆದುದರಿಂದ ಹಳೆಯ ಕೂರಿಗೆಯನ್ನು ಸೌದೆಗೆ ಹಾಕುವ ಮೊದಲು ಅದರ ಅಳತೆಯನ್ನು ಬರೆದಿಡುವುದು ಉಚಿತ.